ಚಿಕುನ್‌ಗುನ್ಯಾ ಬಂದ ವರ್ಷದ ನಾಟಿ

ಅವ್ವನ ಬಲಗೈ ನಡುಬೆರಳಿನ ತುದಿಗೂ ಅಂಗೈಗೂ ನಡುವೆ ನಾಲ್ಕೂವರೆ ಸೆಂಟಿಮೀಟರ್ ಉಳಿದಿತ್ತು. ಎಡಗೈಯಲ್ಲಿ ನಾಲ್ಕು. ಮುಷ್ಟಿ ಕಟ್ಟು ಎಂದರೆ ಅವಳಿಂದ ಅಷ್ಟೇ ಆಗುತ್ತಿದ್ದುದು. ನನ್ನ ಹಳೆಯ ಜಾಮಿಟ್ರಿ ಡಬ್ಬಿಯ ಸ್ಕೇಲನ್ನು ಅವಳ ಅಂಗೈ ಮೇಲೆ ನೆಟ್ಟಗೆ ನಿಲ್ಲಿಸಿ ಅಳೆದು ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಅವ್ವ ಸ್ಕೇಲನ್ನು ನೋಡಿದಳು, ನನ್ನನ್ನು ನೋಡಿದಳು. "ದರ್ಜಿ ಆಗ್ಬುಟ್ಟೆ ಕಣ ಕೂಸೇ. ಇನ್ನು ಬಟ್ಟೆ ಕತ್ರಿಸೋದೊಂದೇ ಬಾಕಿ" ಅಂದಳು.

ಇದೆಲ್ಲ ನೆನಪಾದದ್ದು ಹೋದ ವಾರ, ನಂಜನಗೂಡಿನಲ್ಲಿ. ನಾನೀಗ ಇಲ್ಲಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಬಾಡಿಗೆಗಿರುವ ಮನೆಯ ಪಕ್ಕದಲ್ಲಿ ಮಗುವಾಗಿದೆ. ಬೆಳಿಗ್ಗೆ ಬಾಣಂತಿಗೆ ನೀರು ಹಾಕಲು ಅವರು ಹಂಡೆಯಲ್ಲಿ ಲಕ್ಕಿ ಸೊಪ್ಪು ಕುದಿಸಿದ್ದರು. ಕರ್ಪೂರಕ್ಕೆ ಮೆಣಸು ಬೆರೆಸಿದಂಥ ಆ ಕಟು ವಾಸನೆ ಗೋಡೆ ದಾಟಿ ನನ್ನ ಅಡುಗೆಮನೆಗೆ ಬಂತು. ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟೆ. ಆ ವಾಸನೆಯಲ್ಲಿ ಒಂದು ಇಡೀ ಮಳೆಗಾಲವನ್ನು ನಾನು ಕಳೆದಿದ್ದೇನೆ.

ನಮ್ಮೂರು ತಿ. ನರಸೀಪುರದಿಂದ ಮೂಗೂರಿಗೆ ಹೋಗುವ ಕಡೆ, ನಾಲೆಯ ಕೆಳಗಿದೆ. ಅಪ್ಪ ಅಲ್ಲಿನ ನೀರುಗಂಟಿ. ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುವುದು ಅವನ ಕೆಲಸ. ಅವ್ವ ಮಹದೇವಮ್ಮ ಹನ್ನೊಂದು ಹೆಂಗಸರ ನಾಟಿ ತಂಡದ ಮುಂದಾಳು. ನಾಟಿಯ ಸಾಲಿನಲ್ಲಿ ಬಲತುದಿಯ ಜಾಗ ಮುಂದಾಳಿನದು. ಅಲ್ಲಿ ನಿಂತವಳ ಕೈ ಎಷ್ಟು ಬೇಗ ಆಡುತ್ತದೋ ಎಲ್ಲರ ಕೈಯೂ ಅಷ್ಟೇ ಬೇಗ ಆಡಬೇಕು. ಅವಳು ಹಿಂದಕ್ಕೆ ಹೆಜ್ಜೆ ಇಟ್ಟಾಗಲೇ ಉಳಿದವರೂ ಇಡಬೇಕು. ಅವಳ ಸಾಲು ಸೊಟ್ಟಗಾದರೆ ಇಡೀ ಗದ್ದೆ ಸೊಟ್ಟ. ಹದಿನಾರು ವರ್ಷ ಆ ಜಾಗದಲ್ಲಿ ಬೇರೆ ಯಾರೂ ನಿಂತಿರಲಿಲ್ಲ. ನಮ್ಮ ಬೀದಿಯ ಹೆಣ್ಣುಮಗಳೊಬ್ಬಳನ್ನು ಮೇಲುಬೀದಿಯ ಜಮೀನಿನವರು ಮನೆ ಬಾಗಿಲಿಗೆ ಬಂದು "ಯಾವತ್ತು ಇಳೀತೀರಿ" ಎಂದು ಕೇಳುತ್ತಿದ್ದರೆ, ಅದಕ್ಕೆ ಕಾರಣ ಆ ಜಾಗ. ಅವ್ವ ಇದನ್ನು ಬಾಯಿಬಿಟ್ಟು ಹೇಳಿದವಳಲ್ಲ. ನಾಟಿಯ ದಿನ ಬೆಳಿಗ್ಗೆ ಗೋಡೆಯ ಮೇಲಿನ ಬುದ್ಧನ ಪಟದ ಮುಂದೆ ನಿಂತು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದರಲ್ಲೇ ಅದು ಕಾಣುತ್ತಿತ್ತು.

ಆ ವರ್ಷ ಬೇಸಗೆಯ ಕೊನೆಗೆ ಜ್ವರ ಬಂತು. ಮೊದಲು ಪೇಟೆಗೆ, ಆಮೇಲೆ ಹಳ್ಳಿಗಳಿಗೆ. ನಾನು ಎಂ.ಎಸ್ಸಿ. ಪರೀಕ್ಷೆ ಮುಗಿಸಿ ಫಲಿತಾಂಶ ಕಾಯುತ್ತ ಮನೆಯಲ್ಲಿದ್ದೆ. ಹದಿನೈದು ದಿನಗಳಲ್ಲಿ ನಮ್ಮ ಬೀದಿಯ ಪ್ರತಿ ಮನೆಯಲ್ಲೂ ಒಬ್ಬರಾದರೂ ಮಲಗಿದ್ದರು. ಎದ್ದವರು ಗೋಡೆ ಹಿಡಿದುಕೊಂಡು, ಸೊಂಟ ಬಗ್ಗಿಸಿಕೊಂಡು ನಡೆಯುತ್ತಿದ್ದರು. ಸಾಲಿನಲ್ಲಿ ಅವ್ವನ ಪಕ್ಕದಲ್ಲಿ ನಿಲ್ಲುವ ಪುಟ್ಟಮಾದಮ್ಮ ನಮ್ಮ ಜಗುಲಿಗೆ ಬಂದು ನರಳುತ್ತ ಕೂತು, "ಈ ಬೀದಿಲಿ ನೆಟ್ಗೆ ನಿಂತಿರೋದು ಕರೆಂಟ್ ಕಂಬ ಒಂದೇ ಕಣಮ್ಮಿ. ಅದ್ಕೂ ಸೊಳ್ಳೆ ಕಚ್ಚುದ್ರೆ ಮುಗೀತು" ಅಂದಳು. ಜ್ವರದಲ್ಲಿದ್ದ ಅವ್ವ ಕಂಬಳಿಯೊಳಗಿಂದಲೇ ನಕ್ಕಳು.

ಜ್ವರ ಐದು ದಿನಕ್ಕೆ ಬಿಟ್ಟಿತು. ಬೆರಳು ಬಿಡಲಿಲ್ಲ. ಬೆಳಿಗ್ಗೆ ಎದ್ದಾಗ ಅವ್ವನ ಕೈ ಮರದ ಕೈಯಂತಿರುತ್ತಿತ್ತು. ಕಾಫಿ ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಕುಡಿಯುತ್ತಿದ್ದಳು. ನಾಲೆಗೆ ನೀರು ಬಿಡಲು ಎರಡು ತಿಂಗಳಿದೆಯೆಂದು ಅಪ್ಪ ಅಂದಾಜು ಹೇಳಿದ. ಅವ್ವ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು.

ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರಮ್ಮ ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಕಣ್ಣ ಕೆಳಗೆ ಕಪ್ಪುಗಟ್ಟಿತ್ತು. "ಈ ಗಂಟುನೋವು ಕೆಲವರಿಗೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಇರುತ್ತಮ್ಮ. ಇದನ್ನೇ ತೆಗೆದುಬಿಡೋ ಔಷಧಿ ನನ್ನ ಹತ್ರ ಇಲ್ಲ. ನೋವಿಗೆ ಮಾತ್ರೆ ಕೊಡ್ತೀನಿ. ಶಾಖ ಕೊಡಿ, ಬೆರಳು ಆಡಿಸ್ತಾ ಇರಿ. ಮನೆಮದ್ದು ಬೇಡ ಅನ್ನಲ್ಲ, ಆದ್ರೆ ಏನು ಕುಡಿದ್ರೂ ನಂಗೆ ಹೇಳಿ ಕುಡೀರಿ. ಗುರುತಿಲ್ಲದೋರ ಹತ್ರ ಸೂಜಿ ಮಾತ್ರ ಹಾಕಿಸ್ಕೋಬೇಡಿ" ಅಂದರು. ಆ ಮಾತುಗಳನ್ನು ನಾನು ಬಸ್ಸಿನಲ್ಲೇ ಬರೆದುಕೊಂಡೆ. ನೋಟ್ ಪುಸ್ತಕದ ಮೊದಲ ಪುಟ ಅದು.

ಮನೆಮದ್ದಿಗೆ ನಮ್ಮ ಬೀದಿಯಲ್ಲಿ ಚಿಕ್ಕತಾಯಮ್ಮ ಇದ್ದಳು. ಹಿಂದೆ ಹೆರಿಗೆ ಮಾಡಿಸುತ್ತಿದ್ದ ಮುದುಕಿ, ನನ್ನನ್ನೂ ಹೊರಗೆ ತಂದವಳು. ಅವಳಿಗೂ ಜ್ವರ ಬಂದು ಹೋಗಿತ್ತು. ಕೂತಲ್ಲಿಂದಲೇ ಹೇಳಿದಳು: ಲಕ್ಕಿ ಸೊಪ್ಪಿನ ನೀರಲ್ಲಿ ಕೈ ಅದ್ದಬೇಕು, ಉಪ್ಪು ಹುರಿದು ಗಂಟು ಕಟ್ಟಿ ಶಾಖ ಕೊಡಬೇಕು, ಮಲಗುವಾಗ ಹರಳೆಣ್ಣೆ ಸವರಿ ಬಾಡಿಸಿದ ಎಕ್ಕದ ಎಲೆ ಕಟ್ಟಬೇಕು, ಹುರಳಿ ಕಟ್ಟಿನ ಸಾರು ಉಣ್ಣಬೇಕು, ಅಮೃತಬಳ್ಳಿ ಕಷಾಯ ಕುಡಿಯಬೇಕು. ನಾನು ಒಂದೊಂದನ್ನೂ ಬರೆದುಕೊಂಡು, "ಲಕ್ಕಿ ಗಿಡ ಎಲ್ಲಿ ಸಿಗುತ್ತೆ ಅಜ್ಜಿ?" ಎಂದು ಕೇಳಿದೆ.

"ನೀನು ಗಿಡದ್ದೇ ಅಲ್ವಾ ಓದಿರದು?"

"ಹೌದು. ಅದರ ಶಾಸ್ತ್ರೀಯ ಹೆಸರು ಗೊತ್ತು."

"ಎಸ್ರು ಗೊತ್ತು, ಗಿಡ ಗೊತ್ತಿಲ್ಲ. ದಿನಾ ನಾಲೆ ಏರಿ ಮ್ಯಾಲೆ ಅದುನ್ನ ಸವರ್ಕಂಡೇ ಬಸ್ಸಿಗೆ ಓಗ್ತಿದ್ದೆ, ಅದ್ರ ಮೊಕ ನೋಡ್ಲಿಲ್ವಾ?" ಅಂದಳು.

ನಾಲೆ ಏರಿಯ ಮೇಲೆ ಹೋಗಿ ನೋಡಿದೆ. ಕೈ ಬೆರಳುಗಳಂತೆ ಐದೈದು ಎಲೆ, ಅಡಿಯಲ್ಲಿ ಬೂದು ಬಣ್ಣ, ತುದಿಯಲ್ಲಿ ನೀಲಿ ಹೂ. ಎರಡು ವರ್ಷ ಪ್ರಯೋಗಾಲಯದಲ್ಲಿ ಒಣಗಿಸಿ ಅಂಟಿಸಿದ ಮಾದರಿಯಾಗಿ ಕಂಡಿದ್ದ ಗಿಡ ನಮ್ಮೂರ ಬೇಲಿಯಾಗಿತ್ತು.

ಕಷಾಯ ನಾಲ್ಕನೇ ದಿನಕ್ಕೆ ನಿಂತಿತು. ಅದರ ಕಹಿಗೆ ಅವ್ವನಿಗೆ ಊಟ ಸೇರುತ್ತಿರಲಿಲ್ಲ. ಎಕ್ಕದ ಹಾಲು ಕಣ್ಣಿಗೆ ತಾಗೀತೆಂಬ ಭಯಕ್ಕೆ ಆ ಎಲೆಯನ್ನು ನಾನೇ ಬಿಡಿಸಿದೆ. ಉಪ್ಪಿನ ಶಾಖ, ಹರಳೆಣ್ಣೆ, ಹುರಳಿ ಸಾರು ಮುಂದುವರಿದವು. ಲಕ್ಕಿಯ ವಿಷಯದಲ್ಲಿ ನಾನು ನನ್ನ ಓದಿನ ಹಟ ಹಿಡಿದೆ. ಎರಡು ಪಾತ್ರೆ ಇಟ್ಟೆ. ಬಲಗೈಗೆ ಲಕ್ಕಿ ಕುದಿಸಿದ ನೀರು, ಎಡಗೈಗೆ ಬರೀ ಬಿಸಿನೀರು. ದಿನಕ್ಕೆ ಎರಡು ಸಲ, ಅರ್ಧರ್ಧ ಗಂಟೆ. ಅದಾದ ಮೇಲೆ ಸ್ಕೇಲು.

"ಎಡಗೈ ಏನ್ ಪಾಪ ಮಾಡಿತ್ತು?" ಎಂದು ಅವ್ವ ಕೇಳಿದಳು.

"ಸೊಪ್ಪಿಂದ ಎಷ್ಟು, ನೀರಿಂದ ಎಷ್ಟು ಅಂತ ತಿಳೀಬೇಕಲ್ಲವ್ವ."

"ಅದು ಸರಿ ಬುಡು. ಒಂದೇ ಒಟ್ಟೇಲಿ ಉಟ್ಟಿದ್ ಕೈಯ್ಗೆ ಬ್ಯಾರೆ ಬ್ಯಾರೆ ಪಂಕ್ತಿ" ಅಂದಳು. ನಕ್ಕಳು, ಆದರೆ ಕೈ ತೆಗೆಯಲಿಲ್ಲ.

ಇಪ್ಪತ್ತು ದಿನಗಳಲ್ಲಿ ಬಲಗೈ ಮೂರೂವರೆಗೆ ಇಳಿಯಿತು, ಎಡಗೈ ಮೂರಕ್ಕೆ. ಎರಡೂ ಒಂದೊಂದು ಸೆಂಟಿಮೀಟರ್. ಒಬ್ಬಳೇ ಹೆಂಗಸಿನ ಎರಡು ಕೈಗಳನ್ನು ಅಳೆದು ಏನನ್ನೂ ಸಾಧಿಸಲಾಗದು ಎಂದು ಈಗ ಗೊತ್ತು. ಆಗ ಮಾತ್ರ ನಾನು ಪುಸ್ತಕ ಹಿಡಿದುಕೊಂಡು ಚಿಕ್ಕತಾಯಮ್ಮನ ಮನೆಗೇ ಹೋದೆ. ಸೊಪ್ಪಿಗೂ ಬರೀ ನೀರಿಗೂ ವ್ಯತ್ಯಾಸವಿಲ್ಲ ಎಂದು ಸ್ವಲ್ಪ ಬಿಗಿಯಾಗಿಯೇ ಹೇಳಿದೆ.

ಅವಳು ಅಡಿಕೆ ಕುಟ್ಟುವುದನ್ನು ನಿಲ್ಲಿಸಲಿಲ್ಲ. "ನಿಮ್ಮವ್ವ ಜಲ್ಮದಲ್ಲಿ ಯಾವತ್ತಾರ ಅರ್ಧ ಗಂಟೆ ಸುಮ್ಕೆ ಕೂತಿದ್ದುದ್ದ ನೋಡಿದ್ದಿಯಾ?"

"ಇಲ್ಲ."

"ಬರೀ ನೀರು ಅಂದಿದ್ರೆ ಕೂರ್ತಿದ್ಲಾ? ಸೊಪ್ಪು ಕೂರುಸ್ತು. ಬರ್ಕೊ ಅದುನ್ನೂವೆ."

ಬರೆದುಕೊಂಡೆ. ನನ್ನ ಆ ವರ್ಷದ ಓದಿನಲ್ಲಿ ಅದಕ್ಕಿಂತ ಒಳ್ಳೆಯ ವಾಕ್ಯ ಸಿಕ್ಕಿರಲಿಲ್ಲ.

ಆದರೆ ದಿನಗಳು ಓಡುತ್ತಿದ್ದವು. ನಾಲೆಯ ಮೇಲಿನವರಿಂದ ಸುದ್ದಿ ತಂದ ಅಪ್ಪ, ಇನ್ನು ಮೂರು ವಾರದಲ್ಲಿ ನೀರು ಎಂದ. ಮೇಲುಬೀದಿಯ ಶಿವಣ್ಣನವರು ಒಟ್ಲು ಹಾಕಿಸಿದರು. ಒಟ್ಲೆಂದರೆ ಪೈರು ಬೆಳೆಸುವ ಮಡಿ. ಅದು ಬಲಿತ ಮೇಲೆ ಯಾರ ಕೈನೋವಿಗೂ ಕಾಯುವುದಿಲ್ಲ. ಅವ್ವನ ಬೆರಳು ಮೂರರ ಹತ್ತಿರವೇ ನಿಂತುಬಿಟ್ಟಿತು. ದಿನಾ ಅಳೆದೆ, ದಿನಾ ಅದೇ. ಮುಷ್ಟಿ ಮುಚ್ಚದೆ ನಾಟಿ ಹೇಗೆ ಎಂದು ನನ್ನೊಳಗೇ ಲೆಕ್ಕ ಹಾಕುತ್ತಿದ್ದೆ.

ಆ ಹೊತ್ತಿಗೆ ಪುಟ್ಟಮಾದಮ್ಮ ನೆಟ್ಟಗೆ ನಡೆಯುತ್ತ ನಮ್ಮ ಮನೆಗೆ ಬಂದಳು. ಪೇಟೆಯ ಒಂದು ಅಂಗಡಿಯ ಹಿಂದೆ ಪ್ರತಿ ಬುಧವಾರ ಯಾರೋ ಒಬ್ಬ ಬಂದು ಸೂಜಿ ಹಾಕುತ್ತಿದ್ದನಂತೆ. "ಒಂದೇ ಸೂಜಿ ಕಣಮ್ಮಿ, ಮಾರ್ನೆ ದಿನ್ಕೇ ಕುಣೀಬೌದು. ನೋಡು" ಎಂದು ಕೈ ಮುಚ್ಚಿ ಬಿಚ್ಚಿ ತೋರಿಸಿದಳು. ಹೋಗುವಾಗ ತಿರುಗಿ, "ಇಲ್ದಿದ್ರೆ ಬದಿನ ಮ್ಯಾಲೆ ಕೂತ್ಕಂಡು ಎಲೆಅಡ್ಕೆ ಆಕ್ಕೊ. ಬಲತುದಿಲಿ ನಾ ನಿಂತ್ಕತೀನಿ" ಅಂದಳು. ಅದರಲ್ಲಿ ಚೇಷ್ಟೆ ಎಷ್ಟು, ಆಸೆ ಎಷ್ಟು ಎಂದು ಹೇಳಲಾರೆ.

ಅವಳು ಹೋದ ಮೇಲೆ ಅವ್ವ, "ಬುದ್ವಾರ ನಾನೂ ಓಯ್ತೀನಿ" ಅಂದಳು.

ಡಾಕ್ಟರಮ್ಮ ಬೇಡವೆಂದಿದ್ದನ್ನು ನೆನಪಿಸಿದೆ. ಆ ಸೂಜಿಯಲ್ಲಿ ಏನಿದೆಯೆಂದು ಹಾಕುವವನೂ ಹೇಳುವುದಿಲ್ಲ, ಎಂಟು ಹತ್ತು ದಿನ ನೋವನ್ನು ಮುಚ್ಚಿಟ್ಟು ಆಮೇಲೆ ಇನ್ನಷ್ಟು ಕೆಡಿಸಬಹುದು ಎಂದೆ.

"ಅತ್ತು ದಿನ ಸಾಕಲ್ಲ ನಂಗೆ" ಅಂದಳು ಅವ್ವ. "ನಾಟಿ ಅತ್ತೇ ದಿನ."

ಜಗಳವಾಡುವುದು ನಮ್ಮಿಬ್ಬರಿಗೂ ಬರುವುದಿಲ್ಲ. ಎರಡು ದಿನ ಮನೆಯಲ್ಲಿ ಪಾತ್ರೆಗಳದೇ ಸದ್ದು.

ಬುಧವಾರ ಬೆಳಗಿನ ಜಾವ ಎಚ್ಚರವಾದಾಗ ಅವ್ವನ ಚಾಪೆ ಖಾಲಿಯಿತ್ತು. ಮೊದಲ ಬಸ್ಸಿಗೆ ಹೋಗಿಬಿಟ್ಟಳು ಎಂದುಕೊಂಡೆ. ಚಪ್ಪಲಿ ಹುಡುಕುತ್ತ ಹಿತ್ತಿಲ ಬಾಗಿಲು ತೆರೆದೆ. ಅವ್ವ ಬಚ್ಚಲ ಒಲೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದಳು. ಮುಂದೆ ಗಾರೆ ಕಲಸುವ ಬಾಂಡಲಿ, ಅದರ ತುಂಬ ಕೆಸರು. ಹಂಡೆಯ ಬಿಸಿನೀರು ಸುರಿದು ಕಲಸಿದ ಆ ಕೆಸರಿನಿಂದ ಆವಿ ಏಳುತ್ತಿತ್ತು. ಎಡಗೈಯಲ್ಲಿ ಒಂದು ಹಿಡಿ ಗರಿಕೆ. ಬಲಗೈಯಿಂದ ಎರಡೆರಡು ಎಸಳು ತೆಗೆದು ಬಾಂಡಲಿಯಲ್ಲಿ ನೆಡುತ್ತಿದ್ದಳು. ತುಂಬಿದ ಮೇಲೆ ಎಲ್ಲ ಕಿತ್ತು ಮತ್ತೆ ಮೊದಲಿಂದ.

"ಎಷ್ಟು ದಿನದಿಂದ ಮಾಡ್ತಿದ್ದೀಯವ್ವ?"

"ಒಂದ್ವಾರ ಆಯ್ತು. ನೀ ಎದ್ದೇಳಕ್ ಮುಂಚೆ." ನೆಡುವುದನ್ನು ನಿಲ್ಲಿಸಲಿಲ್ಲ. "ಇವತ್ತು ಬಸ್ಸಿಗೆ ಓಗನ ಅಂತ್ಲೇ ಎದ್ದೆ. ಕೊನೇ ಸಲ ನೋಡ್ಬುಟ್ಟು ಓಗನ ಅಂತ ಕೂತೆ. ನೋಡು."

ನೋಡಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಈ ಮೂರೇ ಕೂಡಿ ಎಸಳನ್ನು ಹಿಡಿದು ಕೆಸರಿಗೆ ಒತ್ತಿ ಬಿಡುತ್ತಿದ್ದವು. ಉಳಿದೆರಡು ಬೆರಳು ಸೆಟೆದುಕೊಂಡು ಹೊರಗೇ ಇದ್ದವು.

"ಮುಷ್ಟಿ?" ಎಂದೆ.

"ನಾಟಿಗ್ಯಾಕೆ ಮುಷ್ಟಿ? ಕುಸ್ತಿಗಾ? ಎಡಗೈಲಿ ಪೈರಿನ ಕಟ್ಟು ಇಡೀಬೇಕು. ಕಟ್ಟು ಇಷ್ಟು ದಪ್ಪ ಇರ್ತದೆ, ಕೈ ಅಷ್ಟು ಮುಚ್ಚುದ್ರೆ ಸಾಕು" ಎಂದು ಗರಿಕೆಯ ಹಿಡಿ ತೋರಿಸಿದಳು. ಹತ್ತಿರ ಹತ್ತಿರ ಮೂರು ಸೆಂಟಿಮೀಟರ್.

ಒಂದೂವರೆ ತಿಂಗಳು ನಾನು ಅಳೆದದ್ದು ತಪ್ಪು ಅಳತೆ. ನಾಟಿಗೆ ಯಾವ ಬೆರಳು ಬೇಕೆಂದೇ ನನಗೆ ಗೊತ್ತಿರಲಿಲ್ಲ, ಏಕೆಂದರೆ ನಾನು ಒಂದು ಪೈರನ್ನೂ ನೆಟ್ಟವಳಲ್ಲ. ನನ್ನ ಕೈಗೆ ಅದು ಬರಬಾರದೆಂದೇ ಅವ್ವ ನನ್ನನ್ನು ಬದುವಿನ ಮೇಲೆ ಪುಸ್ತಕ ಕೊಟ್ಟು ಕೂರಿಸುತ್ತಿದ್ದಳು. ಯಾರೂ ಹೇಳಿಕೊಡದೆ ಅವಳು ತನಗೆ ಬೇಕಾದ ಚಿಕಿತ್ಸೆಯನ್ನು ತಾನೇ ಕಟ್ಟಿಕೊಂಡಿದ್ದಳು. ಬಿಸಿ, ಅಲುಗಾಟ, ಮಾಡಬೇಕಾದ ಕೆಲಸದ್ದೇ ಅಭ್ಯಾಸ, ಮೂರೂ ಆ ಬಾಂಡಲಿಯಲ್ಲಿದ್ದವು. ಡಾಕ್ಟರಮ್ಮನಿಗೆ ಹೇಳಿದಾಗ ಅವರು ಪೆನ್ನು ಕೆಳಗಿಟ್ಟು ಅವ್ವನ ಮುಖ ನೋಡಿದರು. ಆ ನೋಟವನ್ನು ನಾನು ಇಂದಿಗೂ ಇಟ್ಟುಕೊಂಡಿದ್ದೇನೆ.

ಬುಧವಾರದ ಬಸ್ಸು ಹೊರಟುಹೋಯಿತು. "ಸೂಜಿ ಆಕಿಸ್ಕಂಡು ನಾಟಿ ಮಾಡುದ್ರೆ ಅದು ಸೂಜಿ ಮಾಡಿದ್ ನಾಟಿ" ಅಂದಳು ಅವ್ವ. "ಪುಟ್ಟಮಾದಿಗೆ ಈ ಬಾಂಡ್ಲಿ ಇಸ್ಯ ಏಳ್ಬ್ಯಾಡ."

ಪುಟ್ಟಮಾದಮ್ಮನಿಗೆ ಹೇಳುವ ಸಂದರ್ಭವೇ ಬರಲಿಲ್ಲ. ಸೂಜಿ ಹಾಕಿಸಿಕೊಂಡ ಹನ್ನೆರಡನೇ ದಿನಕ್ಕೆ ಅವಳ ನೋವು ಮರಳಿತು, ಮುಖ ಊದಿಕೊಂಡಿತು. ನಾನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮರುದಿನದಿಂದ ಅವ್ವ ಲಕ್ಕಿ ಸೊಪ್ಪನ್ನು ಎರಡು ಪಾಲು ತರಿಸಿದಳು. ಒಂದು ಪಾಲನ್ನು ತಾನೇ ಸೆರಗಿನಲ್ಲಿ ಕಟ್ಟಿಕೊಂಡು ಆ ಮನೆಗೆ ಹೋಗಿ ಬರುತ್ತಿದ್ದಳು. ಅಲ್ಲಿ ಏನು ಮಾತಾಯಿತೆಂದು ನನಗೆ ಹೇಳಲಿಲ್ಲ.

ನೀರು ಬಂತು. ಅಪ್ಪ ತೂಬು ಎತ್ತಿದ. ನಾಟಿಯ ಮೊದಲ ದಿನ ನಾನೂ ಹೋಗಿ ಬದುವಿನ ಮೇಲೆ ನಿಂತೆ. ಮೋಡ ಮುಚ್ಚಿತ್ತು, ತುಂತುರು ಬೀಳುವುದು, ನಿಲ್ಲುವುದು. ಶಿವಣ್ಣನವರು ಛತ್ರಿ ಊರಿಕೊಂಡು, "ಮಾದೇವಮ್ಮ, ಮುಂದಾಳು ಯಾರು ಈ ಸಲ?" ಎಂದು ಕೇಳಿದರು. ಕೇಳಿದ್ದು ಕೊಂಕಿನಿಂದಲ್ಲ, ಅವರ ಗದ್ದೆ, ಅವರ ಚಿಂತೆ. ಅವ್ವ ಸೆರಗು ಸಿಕ್ಕಿಸಿ, ಕೆಸರಿಗಿಳಿದು ಬಲತುದಿಯಲ್ಲಿ ನಿಂತಳು. ಹತ್ತು ಜನ ಹೆಂಗಸರು ಅವಳ ಎಡಕ್ಕೆ ಸಾಲಾದರು. ಮೊದಲನೆಯವಳು ಪುಟ್ಟಮಾದಮ್ಮ.

ಮೊದಲ ಕಟ್ಟು ನಿಧಾನಕ್ಕೆ ಹೋಯಿತು. ಉಳಿದವರು ಕೈ ತಡೆದು ಅವಳಿಗಾಗಿ ನಿಂತರು, ಯಾರೂ ಕೆಣಕಲಿಲ್ಲ. ಎರಡನೆಯ ಕಟ್ಟಿಗೆ ಕೈ ಬಿಸಿಯಾಯಿತು. ಮೂರು ಬೆರಳು, ಒತ್ತು, ಬಿಡು, ಹೆಜ್ಜೆ ಹಿಂದೆ.

ಮೂರನೆಯ ಕಟ್ಟಿನಲ್ಲಿ ಅವ್ವ ನಿಂತುಬಿಟ್ಟಳು. ಪೈರಿನ ಕಟ್ಟಿಗೆ ಹುಲ್ಲಿನ ಗಂಟು ಹಾಕಿರುತ್ತಾರೆ. ಮೊದಲೆರಡು ಕಟ್ಟಿನದು ಸಡಿಲವಿತ್ತು, ಇದು ನೆನೆದು ಬಿಗಿದಿತ್ತು. ಬಾಂಡಲಿಯ ಗರಿಕೆಗೆ ಗಂಟಿರಲಿಲ್ಲ. ಅದನ್ನು ನಾವಿಬ್ಬರೂ ಯೋಚಿಸಿರಲಿಲ್ಲ. ಬೆರಳು ಗಂಟಿನ ಮೇಲೆ ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. ಸಾಲು ಪೂರ್ತಿ ಬಗ್ಗಿ ನಿಂತಿತ್ತು. ಬದುವಿನ ಮೇಲೆ ಶಿವಣ್ಣನವರು ಛತ್ರಿ ಎತ್ತಿ ನೋಡಿದರು. ಬಲತುದಿ ಬೇಕೆಂದಿದ್ದವಳಿಗೆ ಅದೇ ಗಳಿಗೆ.

ಪುಟ್ಟಮಾದಮ್ಮ ತಲೆ ಎತ್ತದೆಯೇ ಕೈ ಚಾಚಿ ಆ ಕಟ್ಟನ್ನು ಕಿತ್ತುಕೊಂಡಳು. ಹಲ್ಲಿನಲ್ಲಿ ಗಂಟು ಕಚ್ಚಿ ಎಳೆದು, ಅವ್ವನ ಎಡ ಅಂಗೈಗೆ ಇಟ್ಟಳು. "ಉಂ, ನಡಿ ಕಣಮ್ಮಿ. ಎಷ್ಟೊತ್ತು ಬಗ್ಗಿರದು, ನನ್ ಸೊಂಟ ಏನು ಸರ್ಕಾರಿದಾ?" ಅಂದಳು. ಸಾಲಿನುದ್ದಕ್ಕೂ ನಗು ಓಡಿತು. ಅವ್ವ ಹಿಂದಕ್ಕೆ ಹೆಜ್ಜೆ ಇಟ್ಟಳು. ಉಳಿದ ಹತ್ತು ಜನರೂ ಇಟ್ಟರು. ಆಮೇಲೆ ಪ್ರತಿ ಕಟ್ಟಿಗೂ ಹಾಗೇ. ಅವ್ವ ಕೇಳಲಿಲ್ಲ, ಪುಟ್ಟಮಾದಮ್ಮ ತಲೆ ಎತ್ತಿ ನೋಡಲಿಲ್ಲ, ಕಟ್ಟು ಕೈಗೆ ಬರುತ್ತಿತ್ತು.

ಸಂಜೆ ಹೊತ್ತಿಗೆ ಗದ್ದೆ ಮುಗಿಯಿತು. ಶಿವಣ್ಣನವರು ಬದುವಿನುದ್ದಕ್ಕೂ ನಡೆದು, ಒಂದು ಕಣ್ಣು ಮುಚ್ಚಿ ಸಾಲುಗಳನ್ನು ನೋಡಿ, "ಓದ್ ವರ್ಸದಂಗೇ ಅವೆ" ಅಂದರು. ಅವ್ವ ನಾಲೆಯಲ್ಲಿ ಕಾಲು ತೊಳೆಯುತ್ತ, "ಇನ್ನೆಂಗಿರ್ತವೆ" ಅಂದಳು. ನನ್ನ ಎಂ.ಎಸ್ಸಿ. ಫಲಿತಾಂಶ ಅದಾದ ವಾರಕ್ಕೆ ಬಂತು. ಒಳ್ಳೆಯದೇ ಇತ್ತು. ಆದರೆ ಹೆಮ್ಮೆ ಎಂದಾಗ ನನ್ನ ಮನಸ್ಸಿಗೆ ಮೊದಲು ಬರುವುದು ಅವಳ ಆ ಒಂದು ಮಾತು.

ಅವ್ವನ ಕೈ ಪೂರ್ತಿ ಸರಿಹೋಗಲು ಮುಂದಿನ ಸುಗ್ಗಿಯೇ ಬರಬೇಕಾಯಿತು. ಲಕ್ಕಿ ಸೊಪ್ಪು ವಾಸಿ ಮಾಡಿತು ಎಂದು ನಾನು ಯಾರಿಗೂ ಹೇಳುವುದಿಲ್ಲ; ಏನೂ ಮಾಡಲಿಲ್ಲ ಎಂದೂ ಹೇಳುವುದಿಲ್ಲ. ನಾಟಿಯ ಆ ಮೊದಲ ದಿನ ಸಂಜೆ ಮನೆಗೆ ಬಂದಾಗ ಬೆರಳುಗಳು ಮತ್ತೆ ಊದಿದ್ದವು. ಎರಡೂ ಕೈಗಳನ್ನು ಒಂದೇ ಪಾತ್ರೆಯ ಸೊಪ್ಪಿನ ನೀರಿಗೆ ಇಳಿಬಿಟ್ಟು, ಅವಳು ಕೂತಲ್ಲೇ ತೂಕಡಿಸಿದಳು.

ಮರುದಿನದ ಗದ್ದೆಗೆ ಪೈರಿನ ಕಟ್ಟುಗಳನ್ನು ಹಿಂದಿನ ಸಂಜೆಯೇ ಹರಡಿದ್ದರು. ಬೆಳಿಗ್ಗೆ ಹೆಂಗಸರು ಬರುವ ಮೊದಲೇ ನಾನು ಒಬ್ಬಳೇ ಹೋದೆ. ಚೂಡಿದಾರ ಮೊಣಕಾಲಿಗೆ ಮಡಚಿ ಕೆಸರಿಗಿಳಿದು, ಒಂದೊಂದೇ ಕಟ್ಟನ್ನು ಎತ್ತಿ, ಒಂದು ಬೆರಳು ಎಳೆದರೆ ಬಿಚ್ಚುವಷ್ಟು ಗಂಟನ್ನು ಸಡಿಲಿಸಿ, ಇದ್ದ ಜಾಗದಲ್ಲೇ ಇಟ್ಟೆ. ಅವ್ವನ ಪಾಲಿನವು ಯಾವುವೆಂದು ಯಾರಿಗೂ ತಿಳಿಯದಿರಲೆಂದು, ಹನ್ನೊಂದು ಜನರವನ್ನೂ ಸಡಿಲಿಸಿದೆ.